ಅಬೈಡ್ ವಿತ್ ಮೀ: ಬಿಟ್ಟುಹೋದ ಚರಣ, ದುಪ್ಪಟ್ಟಾದ ಪ್ರಾರ್ಥನೆ

‘ಅಬೈಡ್ ವಿತ್ ಮೀ’ (ನನ್ನ ಸಂಗಡ ಇರು) ಎಂಬ ಇಂಗ್ಲಿಷ್ ಕ್ರೈಸ್ತ ಸ್ತೋತ್ರ ಎಂದರೆ ಹಲವರಿಗೆ ಅದು ಸಮಾಧಿಯ ಬಳಿ ಹಾಡುವ ಗೀತೆ. ಕೆಲವರು ಸಂಜೆಯ ಆರಾಧನೆ ಮುಗಿಯುವಾಗ ಹಾಡುತ್ತಾರೆ. ದೆಹಲಿಯ ಗಣರಾಜ್ಯೋತ್ಸವದ ಬೀಟಿಂಗ್ ರಿಟ್ರೀಟ್ ಕಾರ್ಯಕ್ರಮದಿಂದ 2022ರಲ್ಲಿ ಕೈಬಿಟ್ಟಾಗ ಸುದ್ದಿಯಾದ ರಾಗ ಎಂದು ನೆನಪಿಟ್ಟವರೂ ಇದ್ದಾರೆ. ಹೊತ್ತು ಮುಳುಗುವ ಚಿತ್ರದಿಂದ ಶುರುವಾಗುವುದರಿಂದ ಇದನ್ನು ಸಂಜೆಗೆ ಸೇರಿಸಿಬಿಡುವುದು ಸುಲಭ. ಎರಡನೆಯ ಚರಣಕ್ಕೆ ಬಂದರೆ ‘ಬಾಳಿನ ಪುಟ್ಟ ದಿನ’ ಎಂಬ ಮಾತು ಸಿಗುತ್ತದೆ. ಕವಿ ಹೇಳುತ್ತಿರುವುದು ಆಯುಸ್ಸಿನ ಸಂಜೆಯನ್ನು. ಅದಕ್ಕೇ ಕೊನೆಯ ಚರಣದಲ್ಲಿ ಬೆಳಗಾಗುತ್ತದೆ, ಸ್ವರ್ಗದ ಬೆಳಗು. ಸಂಜೆಯಿಂದ ಬೆಳಗಿನವರೆಗೆ ಹೋಗುವ ಹಾಡನ್ನು ಬರೀ ಶೋಕಗೀತೆಯಂತೆ ಎಳೆದು ಹಾಡಿದರೆ ಅರ್ಧ ಅರ್ಥ ಅಲ್ಲೇ ಹೋಗುತ್ತದೆ.

ಬರೆದವರು ಹೆನ್ರಿ ಫ್ರಾನ್ಸಿಸ್ ಲೈಟ್. ಹುಟ್ಟಿದ್ದು 1793ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಇಂಗ್ಲೆಂಡಿನ ಡೆವನ್ ಪ್ರಾಂತದ ಬ್ರಿಕ್ಸಮ್ ಎಂಬ ಮೀನುಗಾರಿಕೆ ಬಂದರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಭಾಪಾಲಕರಾಗಿದ್ದರು. ಕ್ಷಯ ಅವರನ್ನು ಹಣ್ಣು ಮಾಡಿತ್ತು. 1847ರ ಸೆಪ್ಟೆಂಬರ್‌ನಲ್ಲಿ ತಮ್ಮ ಸಭೆಗೆ ಕೊನೆಯ ಪ್ರಸಂಗ ಮಾಡಿ, ಬೆಚ್ಚಗಿನ ಹವೆ ಹುಡುಕಿಕೊಂಡು ದಕ್ಷಿಣಕ್ಕೆ ಹೊರಟರು. ನವೆಂಬರ್ 20ರಂದು ನೀಸ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಆ ಕೊನೆಯ ಪ್ರಸಂಗದ ಸಂಜೆಯೇ ಹಾಡು ಹುಟ್ಟಿತು ಎನ್ನುವುದು ಹೆಚ್ಚು ಪ್ರಚಾರದಲ್ಲಿರುವ ಕಥೆ. 1820ರಲ್ಲಿ, ಸಾಯುತ್ತಿದ್ದ ಗೆಳೆಯನ ಹಾಸಿಗೆಯ ಪಕ್ಕದಲ್ಲೇ ಹುಟ್ಟಿತ್ತು ಎನ್ನುವವರೂ ಇದ್ದಾರೆ. ಹಾಡುವವರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಬಂದರಿನ ವಿಷಯ. ಬಾಳಿನ ದಿನ ‘ಮುಗಿಯಿತು’ ಎಂದು ಲೈಟ್ ಬರೆಯಲಿಲ್ಲ. ಕಡಲಿನ ನೀರು ಇಳಿತದಲ್ಲಿ ಹಿಂದೆ ಸರಿಯುವುದಕ್ಕೆ ಬಳಸುವ ಪದವನ್ನೇ ಇಟ್ಟರು. ಇಳಿತ ಮೆಲ್ಲಗೆ, ಸದ್ದಿಲ್ಲದೆ ಆಗುತ್ತದೆ. ನೋಡನೋಡುತ್ತ ದೋಣಿಯ ಕೆಳಗೆ ಕೆಸರು ಕಾಣುತ್ತದೆ.

ಹಾಡಿನ ಬೇರು ಲೂಕ 24:29ರಲ್ಲಿದೆ. ಎಮ್ಮಾಹುವಿನ ದಾರಿಯಲ್ಲಿ ಜೊತೆಯಾದ ಅಪರಿಚಿತ ಮುಂದೆ ಹೋಗುವವನಂತೆ ಕಂಡಾಗ, ಹೊತ್ತು ಇಳಿಯಿತು, ನಮ್ಮ ಸಂಗಡ ಇರು ಎಂದು ಇಬ್ಬರು ಶಿಷ್ಯರು ಒತ್ತಾಯ ಮಾಡುತ್ತಾರೆ. ಅವರ ಮನಸ್ಸಿನಲ್ಲಿ ಇದ್ದದ್ದು ಅತಿಥಿ ಸತ್ಕಾರ: ಕತ್ತಲಾಗುತ್ತಿದೆ, ಈ ರಾತ್ರಿ ಇಲ್ಲೇ ತಂಗು. ರೊಟ್ಟಿ ಮುರಿದ ಗಳಿಗೆಯಲ್ಲಿ ಅವರ ಕಣ್ಣು ತೆರೆಯಿತು, ಯೇಸು ಕಣ್ಮರೆಯಾದ. ಲೈಟ್ ಆ ಮಾತನ್ನು ಎತ್ತಿಕೊಂಡು ತಿರುಗಿಸಿದ್ದಾರೆ. ಇಲ್ಲಿ ಕರೆಯುವವನಿಗೆ ಆಸರೆ ಕೊಡುವ ಶಕ್ತಿಯಿಲ್ಲ, ಆಸರೆ ಬೇಕಾಗಿರುವುದೇ ಅವನಿಗೆ. ಮೊದಲ ಚರಣದಲ್ಲೇ ಅವನು ದೇವರನ್ನು ‘ದಿಕ್ಕಿಲ್ಲದವರ ದಿಕ್ಕೇ’ ಎನ್ನುತ್ತಾನೆ. ಕೇಳುವುದೂ ಒಂದು ರಾತ್ರಿಯ ತಂಗುವಿಕೆಯನ್ನಲ್ಲ. ಲೂಕನ ಗ್ರೀಕ್ ಮೂಲದಲ್ಲಿ ‘ಇರು’ ಎನ್ನುವಲ್ಲಿರುವ ಧಾತುವೇ ಯೋಹಾನ 15:4ರ ‘ನನ್ನಲ್ಲಿ ನೆಲೆಗೊಂಡಿರ್ರಿ’ ಎಂಬ ಮಾತಿನಲ್ಲೂ ಇದೆ.

ಈ ಅರ್ಥವನ್ನು ಬಿಡಿಸಿ ಹೇಳುವ ಚರಣವೇ ಹೆಚ್ಚಿನ ಪುಸ್ತಕಗಳಲ್ಲಿ ಇಲ್ಲ. ಮೂಲದಲ್ಲಿ ಎಂಟು ಚರಣಗಳಿವೆ. ಸಾಮಾನ್ಯವಾಗಿ ಅಚ್ಚಾಗುವುದು ಐದು: ಒಂದು, ಎರಡು, ಆರು, ಏಳು, ಎಂಟು. ಬಿಟ್ಟುಹೋದ ಮೂರನೆಯದರ ಭಾವ ಹೀಗಿದೆ: ಒಂದು ನೋಟ, ಹೋಗುತ್ತ ಆಡಿದ ಒಂದು ಮಾತು ನನಗೆ ಸಾಲದು, ನಿನ್ನ ಶಿಷ್ಯರೊಡನೆ ಸಲಿಗೆಯಿಂದ, ತಾಳ್ಮೆಯಿಂದ ಇದ್ದಂತೆ ಇರು, ತಂಗಲು ಬರಬೇಡ, ನೆಲೆಸಲು ಬಾ. ನಾಲ್ಕನೆಯದು ಭಯ ಹುಟ್ಟಿಸುವ ಅರಸನಾಗಿ ಬರಬೇಡ ಎನ್ನುತ್ತ ಮಲಾಕಿ 4:2ರ ‘ರೆಕ್ಕೆಗಳಲ್ಲಿ ಸ್ವಸ್ಥತೆ’ಯನ್ನು ನೆನೆಯುತ್ತದೆ. ಐದನೆಯದು ಪಾಪದ ಒಪ್ಪಿಗೆ: ನಾನು ನಿನ್ನನ್ನು ಎಷ್ಟೋ ಸಲ ಬಿಟ್ಟೆ, ನೀನು ನನ್ನನ್ನು ಬಿಡಲಿಲ್ಲ. ಈ ಮೂರೂ ಇಲ್ಲದಿದ್ದರೆ ಆರನೆಯ ಚರಣದ ‘ಪ್ರತಿ ಗಳಿಗೆಯೂ ನೀನು ಬೇಕು’ ಎಂಬ ಮಾತಿಗೆ ಹಿನ್ನೆಲೆಯೇ ಇರುವುದಿಲ್ಲ. ಎಂಟನ್ನೂ ಹಾಡಲು ಸಮಯ ಇಲ್ಲದಿದ್ದರೆ, ಹಾಡು ಶುರುವಾಗುವ ಮುಂಚೆ ಮೂರನೆಯದನ್ನು ಒಬ್ಬರು ಓದಿದರೂ ಆಯಿತು. ಅರ್ಧ ನಿಮಿಷ ಸಾಕು.

ಈಗ ರಾಗ. ಇದಕ್ಕೆ ‘ಈವನ್‌ಟೈಡ್’ ಎಂದು ಹೆಸರು. 1861ರ ‘ಹಿಮ್ಸ್ ಏನ್ಷಂಟ್ ಅಂಡ್ ಮಾಡರ್ನ್’ ಸಂಗ್ರಹಕ್ಕೆ ಅದರ ಸಂಗೀತ ಸಂಪಾದಕ ವಿಲಿಯಂ ಹೆನ್ರಿ ಮಾಂಕ್ ಕಟ್ಟಿದ್ದು. ಸಾಲಿಗೆ ಹತ್ತು ಅಕ್ಷರ, ಸಾಲಿಗೆ ನಾಲ್ಕು ಬಾರ್ (ನಾಲ್ಕು ನಾಲ್ಕು ಎಣಿಕೆಯ ತಾಳದ ಭಾಗ), ಅಂದರೆ 16 ಎಣಿಕೆ. ರಾಗ ಷಡ್ಜದಿಂದ (ಸ) ಧೈವತದವರೆಗೆ (ದ) ಮಾತ್ರ ಓಡಾಡುತ್ತದೆ, ಆದ್ದರಿಂದ ಸಭೆಯಲ್ಲಿ ಯಾರಿಗೂ ಎಟುಕುತ್ತದೆ. ಇಂಗ್ಲೆಂಡಿನ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ 1927ರಿಂದ ಇಡೀ ಕ್ರೀಡಾಂಗಣ ಇದನ್ನು ಹಾಡಲು ಸಾಧ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಮೊದಲ ಸಾಲನ್ನು ಸ್ವರದಲ್ಲಿ ಬರೆದರೆ (ಅಡ್ಡಗೆರೆಗಳ ನಡುವೆ ಒಂದೊಂದು ಬಾರ್): ಗ ಗ ರಿ | ಸ ಪ | ದ ಪ ಪ ಮ | ಗ. ಕೊನೆಯ ಸಾಲು: ರಿ ಗ ಮ | ಗ ರಿ ಸ ಮ | ಗ ರಿ | ಸ. ‘ಅಬೈಡ್ ವಿತ್ ಮೀ’ ಎಂಬ ಮಾತಿನ ‘ಬೈಡ್ ವಿತ್ ಮೀ’ ಎರಡು ಕಡೆಯೂ ಗ ರಿ ಸ ಸ್ವರಗಳ ಮೇಲೇ ಬರುತ್ತದೆ. ಶುರುವಿನಲ್ಲಿ ಅದಕ್ಕೆ ಸಿಗುವುದು 1, 1, 2 ಎಣಿಕೆ. ಕೊನೆಯಲ್ಲಿ 2, 2, 4. ಅದೇ ಪ್ರಾರ್ಥನೆ, ಅದೇ ಸ್ವರ, ಸರಿಯಾಗಿ ದುಪ್ಪಟ್ಟು ಕಾಲ. ಪ್ರತಿ ಚರಣವೂ ಇದೇ ಮಾತಿನಲ್ಲಿ ಮುಗಿಯುವುದರಿಂದ ಈ ನೆಲೆ ನಿಲ್ಲುವಿಕೆ ಚರಣ ಚರಣಕ್ಕೂ ಮರಳಿ ಬರುತ್ತದೆ. ಮೂರನೆಯ ಚರಣ ಬಾಯಲ್ಲಿ ಕೇಳಿದ್ದನ್ನು ರಾಗ ಮಾಡಿ ತೋರಿಸುತ್ತದೆ ಎಂದೇ ನನಗೆ ಅನ್ನಿಸುವುದು.

ತಪ್ಪುವುದೂ ಹೆಚ್ಚಾಗಿ ಇಲ್ಲೇ. ಮೊದಲ ಮೂರು ಸಾಲುಗಳಲ್ಲಿ ಎರಡನೆಯ ಬಾರ್‌ಗೆ ಎರಡು ದೀರ್ಘ ಸ್ವರ, ಮೂರನೆಯದಕ್ಕೆ ನಾಲ್ಕು ಚಿಕ್ಕ ಸ್ವರ. ನಾಲ್ಕನೆಯ ಸಾಲಿನಲ್ಲಿ ಇದು ಅದಲುಬದಲು. ಅಭ್ಯಾಸಬಲದಿಂದ ಅಲ್ಲೂ ಎರಡನೆಯ ಬಾರನ್ನು ಎಳೆದರೆ ‘ಬೈಡ್ ವಿತ್’ ಮುದುಡಿಹೋಗುತ್ತದೆ. ಕಲಿಸುವಾಗ ಕೊನೆಯ ಸಾಲನ್ನೇ ಮೊದಲು, ಕೈಯಲ್ಲಿ ತಾಳ ಹಾಕಿಸಿ ಕಲಿಸುವುದು ಒಳ್ಳೆಯದು. ಇನ್ನೊಂದು ಎಡವಟ್ಟು ಎರಡನೆಯ ಸಾಲಿನ ತುದಿಯಲ್ಲಿ. ಪಂಚಮಕ್ಕೆ ಏರುವ ಮುಂಚೆ ಒಂದೇ ಒಂದು ಪ್ರತಿ ಮಧ್ಯಮ (ಶುದ್ಧ ಮಧ್ಯಮಕ್ಕಿಂತ ಅರ್ಧ ಸ್ವರ ಮೇಲಿನ ಮ) ಇದೆ. ಸಾಮಾನ್ಯ ಶ್ರುತಿಯಾದ ಇ ಫ್ಲ್ಯಾಟ್‌ನಲ್ಲಿ ಅದು ಕೀಬೋರ್ಡಿನ ಬಿಳಿ ಎ ಮನೆ. ಅದನ್ನು ಶುದ್ಧ ಮಧ್ಯಮವಾಗಿ ಹಾಡಿದರೆ ವಾದ್ಯಕ್ಕೂ ದನಿಗೂ ತಿಕ್ಕಾಟ. ಮೂರನೆಯ ಸಾಲು ರಿಷಭದಲ್ಲಿ ನಿಲ್ಲುತ್ತದೆ, ನಾಲ್ಕನೆಯದು ಅದೇ ರಿಷಭದಿಂದ ಏಳುತ್ತದೆ. ಎರಡನೆಯ ಚರಣದಲ್ಲಿ ಆ ಜಾಗಕ್ಕೆ ‘ಸುತ್ತಲೂ ಬದಲಾವಣೆ, ಅಳಿವು’ ಎಂಬ ಮಾತೂ, ಅದರ ಬೆನ್ನಿಗೇ ‘ಬದಲಾಗದವನೇ’ ಎಂಬ ಕರೆಯೂ ಬರುತ್ತವೆ. ನಡುವೆ ಉಸಿರಿಗೆ ಬೇಕಾದಷ್ಟೇ ಬಿಡುವು ಕೊಡಿ.

ವೇಗ ನಿಮಿಷಕ್ಕೆ ಸುಮಾರು 80 ಎಣಿಕೆ ಇರಲಿ. ಆಗ ಒಂದು ಸಾಲಿಗೆ 12 ಸೆಕೆಂಡು, ಐದು ಚರಣಕ್ಕೆ ನಾಲ್ಕು ನಿಮಿಷ. 50ಕ್ಕೆ ಇಳಿಸಿದರೆ ಒಂದು ಸಾಲು 19 ಸೆಕೆಂಡು ಹಿಡಿಯುತ್ತದೆ, ಉಸಿರು ಸಾಲದೆ ಪದಗಳನ್ನು ಎಲ್ಲೆಂದರಲ್ಲಿ ತುಂಡು ಮಾಡಬೇಕಾಗುತ್ತದೆ. ಉಸಿರು ಬೇಕೇ ಆದರೆ ಹೆಚ್ಚಿನ ಚರಣಗಳ ಮೊದಲ ಸಾಲಿನಲ್ಲಿ ನಾಲ್ಕನೆಯ ಅಕ್ಷರದ ನಂತರ ತೆಗೆದುಕೊಳ್ಳಬಹುದು. ನಾಲ್ಕನೆಯ ಮತ್ತು ಆರನೆಯ ಚರಣಗಳಲ್ಲಿ ಮಾತ್ರ ಅಲ್ಲಿ ಪದ ಮುರಿಯುತ್ತದೆ, ಐದನೆಯ ಅಕ್ಷರದವರೆಗೆ ಹೋಗಿ.

ಏಳನೆಯ ಚರಣ 1 ಕೊರಿಂಥ 15:55ರ ಪ್ರಶ್ನೆ: ಮರಣವೇ, ನಿನ್ನ ಕೊಂಡಿ ಎಲ್ಲಿ? ಇಲ್ಲಿ ದನಿ ತಗ್ಗಿಸಬಾರದು. ತಗ್ಗಬೇಕಾದ್ದು ಎಂಟನೆಯದರ ಮೊದಲ ಸಾಲಿನಲ್ಲಿ, ಮುಚ್ಚುತ್ತಿರುವ ಕಣ್ಣುಗಳ ಮುಂದೆ ಶಿಲುಬೆ ಹಿಡಿ ಎಂದು ಕೇಳುವಲ್ಲಿ. 1915ರ ಅಕ್ಟೋಬರ್ 11ರ ರಾತ್ರಿ ಬ್ರಸೆಲ್ಸ್‌ನ ಸೆರೆಮನೆಯಲ್ಲಿ, ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ತಪ್ಪಿಸಿಕೊಳ್ಳಲು ನೆರವಾಗಿ ಜರ್ಮನರ ಕೈಗೆ ಸಿಕ್ಕಿದ್ದ ಬ್ರಿಟಿಷ್ ನರ್ಸ್ ಎಡಿತ್ ಕ್ಯಾವೆಲ್ ಈ ಹಾಡಿನ ಮಾತುಗಳನ್ನು ಪಾದ್ರಿಯ ಜೊತೆ ಸೇರಿ ಹೇಳಿದ್ದರು. ಮರುದಿನ ಬೆಳಿಗ್ಗೆ ಅವರನ್ನು ಗುಂಡಿಟ್ಟು ಕೊಂದರು. ಮೂರನೆಯ ಸಾಲಿನಲ್ಲಿ ಬೆಳಗು ಹರಿಯುತ್ತದೆ, ಅಲ್ಲಿಂದ ದನಿ ತುಂಬಿ ಬರಲಿ. ಕೊನೆಯ ಷಡ್ಜವನ್ನು ನಾಲ್ಕು ಎಣಿಕೆಯೂ ಪೂರ್ತಿ ಹಿಡಿಯಿರಿ.