ಮದುಮಗನ ಸೂಟು: ಹೊಲಿಸೋದಾ, ರೆಡಿಮೇಡಾ? ಎಷ್ಟು ಖರ್ಚು ಮಾಡಬೇಕು?

ಮದುವೆ ಗೊತ್ತಾದ ಹುಡುಗರು ನಮ್ಮ ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಅಣ್ಣ, ರಿಸೆಪ್ಷನ್‌ಗೆ ಸೂಟ್ ಬೇಕು. ಜಾಸ್ತಿ ಖರ್ಚು ಮಾಡೋಕಾಗಲ್ಲ. ಹೊಲಿಸಿದ್ರೆ ಒಳ್ಳೇದಾ, ರೆಡಿಮೇಡ್ ತಗೊಳ್ಳಲಾ?" ತುಮಕೂರಿನಲ್ಲಿ ನಮ್ಮಪ್ಪ ಹಾಕಿದ ಹೊಲಿಗೆ ಅಂಗಡಿಯಲ್ಲಿ 22 ವರ್ಷದಿಂದ ಕೂತಿದ್ದೇನೆ. ಈಗ ಫೋನಿನಲ್ಲೂ, ನೆಂಟರ ಮನೆಯಲ್ಲೂ ಇದೇ ಪ್ರಶ್ನೆ. ಅವಸರದಲ್ಲಿ ಎರಡು ಮಾತು ಹೇಳಿ ಕಳಿಸಿದಾಗಲೆಲ್ಲ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಗಲು ನೋಡಿ. ಬೆಲೆ, ಬ್ರಾಂಡು, ಬಣ್ಣ ಎಲ್ಲ ಆಮೇಲೆ. ಹೆಗಲು ಸರಿಯಾಗಿ ಕೂತರೆ ಎಂಟು ಸಾವಿರದ ಸೂಟೂ ಮೈಗೆ ಒಪ್ಪುತ್ತದೆ. ಹೆಗಲು ತಪ್ಪಿದರೆ ಮೂವತ್ತು ಸಾವಿರದ್ದೂ ಅಣ್ಣನದ್ದು ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ.

ಹೋದ ವೈಶಾಖದಲ್ಲಿ ಒಬ್ಬ ಹುಡುಗ ಅವರಪ್ಪನ ಜೊತೆ ಬಂದಿದ್ದ. ರಿಸೆಪ್ಷನ್‌ಗೆ ಎರಡೇ ದಿನ ಬಾಕಿ. ಕೈಯಲ್ಲಿ 18,000 ರೂಪಾಯಿ ಕೊಟ್ಟು ತಂದ ರೆಡಿಮೇಡ್ ಸೂಟು. "ತೋಳು ಸ್ವಲ್ಪ ಉದ್ದ ಆಗಿದೆ, ಚಿಕ್ಕದು ಮಾಡಿಕೊಡಿ" ಅಂದರು. ಹಾಕಿಸಿ ನೋಡಿದೆ. ಉದ್ದ ಆಗಿದ್ದು ತೋಳಲ್ಲ. ಕೋಟಿನ ಹೆಗಲು ಅವನ ಹೆಗಲ ಮೂಳೆ ದಾಟಿ ಒಂದು ಇಂಚು ಆಚೆಗೆ ಹೋಗಿತ್ತು. ಅದರ ಕೆಳಗೆ ಬಟ್ಟೆ ಒಳಗೆ ಬಿದ್ದು ಹೆಬ್ಬೆರಳು ಕೂರುವಷ್ಟು ಗುಳಿಯಾಗಿತ್ತು. ಹೆಗಲು ಆಚೆ ಹೋದರೆ ತೋಳೂ ಅದರ ಜೊತೆ ಜಾರುತ್ತದೆ. ಅದನ್ನು ಒಳಗೆ ತರಬೇಕಾದರೆ ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಲೈನಿಂಗ್ ಬಿಚ್ಚಬೇಕು, ಕಂಕುಳ ಸುತ್ತು ಮತ್ತೆ ಕತ್ತರಿಸಬೇಕು. ಹೊಸ ಕೋಟು ಹೊಲಿಯುವಷ್ಟೇ ಕೆಲಸ. ಅಷ್ಟು ಮಾಡಿದರೂ ಸರಿಯಾಗಿ ಕೂರುತ್ತದೆ ಅನ್ನುವ ಭರವಸೆ ಇಲ್ಲ. ತೋಳು ಮೊಟಕು ಮಾಡಿ ಕೊಟ್ಟೆ, ಅಷ್ಟೇ. "ಇಷ್ಟು ದುಡ್ಡು ಕೊಟ್ಟಿದ್ದೀವಲ್ಲಪ್ಪ" ಅಂತ ಆ ತಂದೆ ಎರಡು ಸಲ ಹೇಳಿದರು. ಅದು ಇನ್ನೂ ಕಿವಿಯಲ್ಲಿದೆ.

ಹಾಗಂತ ರೆಡಿಮೇಡ್ ಬೇಡ ಅಂತ ನಾನು ಹೇಳುವುದಿಲ್ಲ. ಹೆಗಲು ಸರಿಯಾಗಿ, ಕಾಲರ್ ಕುತ್ತಿಗೆಯಿಂದ ದೂರ ನಿಲ್ಲದೆ ಅಂಟಿಕೊಂಡು ಕೂತರೆ ಧೈರ್ಯವಾಗಿ ತಗೊಳ್ಳಿ. ಉಳಿದದ್ದನ್ನು ಯಾವ ಟೈಲರಾದರೂ ಸರಿಮಾಡಬಹುದು. ತೋಳಿನ ಉದ್ದ, ಸೊಂಟದ ಹತ್ತಿರದ ಸಡಿಲ, ಪ್ಯಾಂಟಿನ ಸೊಂಟ, ಕೆಳಗಿನ ಮಡಿಕೆ ಇವೆಲ್ಲ ಒಂದು ದಿನದ ಕೆಲಸ. ಹೆಗಲು, ಕಂಕುಳು, ಕೋಟಿನ ಉದ್ದ ಮಾತ್ರ ಆಮೇಲೆ ಮುಟ್ಟುವಂಥದ್ದಲ್ಲ. ಕೋಟನ್ನೂ ಪ್ಯಾಂಟನ್ನೂ ಬೇರೆ ಬೇರೆ ಸೈಜಿನಲ್ಲಿ ಕೊಡುವ ಅಂಗಡಿ ಸಿಕ್ಕರೆ ಇನ್ನೂ ಒಳ್ಳೆಯದು. ಜೋಡಿಯಾಗಿ ಬರುವ ಸೂಟಿನಲ್ಲಿ ಸಾಮಾನ್ಯವಾಗಿ 40 ಇಂಚಿನ ಕೋಟಿಗೆ 34ರ ಪ್ಯಾಂಟು ಇರುತ್ತದೆ. ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಆ ಲೆಕ್ಕ ಹೊಂದುತ್ತದೆ ಹೇಳಿ?

ಕನ್ನಡಿ ಮುಂದೆ ಕೈ ಇಳಿಬಿಟ್ಟು ನೆಟ್ಟಗೆ ನಿಂತರೆ ಯಾವ ಸೂಟೂ ಚೆನ್ನಾಗೇ ಕಾಣುತ್ತದೆ. ಆದರೆ ಮದುಮಗ ಅಂದು ಸಂಜೆ ಹಾಗೆ ನಿಂತಿರುತ್ತಾನಾ? ಹಾರ ಹಾಕಲು ಎರಡೂ ಕೈ ಎತ್ತಬೇಕು. ದೊಡ್ಡವರು ಬಂದಾಗಲೆಲ್ಲ ಬಗ್ಗಿ ಕಾಲಿಗೆ ನಮಸ್ಕಾರ ಮಾಡಬೇಕು. ಕೈಕುಲುಕಬೇಕು, ಗಿಫ್ಟ್ ತಗೊಂಡು ಹಿಂದೆ ಕೊಡಬೇಕು, ಫೋಟೋಗೆ ನಿಲ್ಲಬೇಕು. ಮೂರು ಗಂಟೆ ಇದೇ ನಡೆಯುತ್ತದೆ. ಅದಕ್ಕೇ ನನ್ನ ಅಂಗಡಿಯಲ್ಲಿ ಟ್ರಯಲ್ ಅಂದರೆ ಹುಡುಗನ ಕೈಗೆ ಟೇಪನ್ನು ಹಾರದ ಹಾಗೆ ಕೊಡುತ್ತೇನೆ. "ನನ್ನ ಕೊರಳಿಗೆ ಹಾಕು" ಅನ್ನುತ್ತೇನೆ. ಗುಂಡಿ ಹಾಕಿಕೊಂಡೇ ಹಾಕಬೇಕು. ಕೋಟು ಪೂರ್ತಿ ಮೇಲೆದ್ದು ಕಾಲರ್ ಕಿವಿಯ ಹತ್ತಿರ ಬಂದರೆ ಕಂಕುಳು ದೊಡ್ಡದಾಗಿದೆ ಅಂತ ಅರ್ಥ.

ಇಲ್ಲಿ ಎಲ್ಲರೂ ಎಡವುತ್ತಾರೆ. ಕೈ ಆಡಲಿ ಅಂತ "ಕಂಕುಳಲ್ಲಿ ಸ್ವಲ್ಪ ಲೂಸ್ ಇಡಿ" ಅಂತ ಕೇಳುತ್ತಾರೆ. ಆಗುವುದು ಉಲ್ಟಾ. ಕಂಕುಳ ಸುತ್ತು ಕೆಳಗಿಳಿದಷ್ಟೂ ತೋಳು ಕೋಟಿನ ಪಕ್ಕವನ್ನೇ ಹಿಡಿದು ಎಳೆಯುತ್ತದೆ. ಕೈ ಎತ್ತಿದರೆ ಇಡೀ ಕೋಟು ಏಳುತ್ತದೆ. ಕಂಕುಳು ಮೇಲಕ್ಕೆ, ಮೈಗೆ ಹತ್ತಿರ ಇದ್ದರೆ ತೋಳು ಮಾತ್ರ ಏಳುತ್ತದೆ, ಕೋಟು ಜಾಗದಲ್ಲೇ ಇರುತ್ತದೆ. ನಮ್ಮಪ್ಪ ನನಗೆ ಮೊದಲು ಕಲಿಸಿದ್ದು ಇದನ್ನೇ. ಹಾರ ಹಾಕಿಸಿದ ಮೇಲೆ ನಮಸ್ಕಾರ ಮಾಡಿಸುತ್ತೇನೆ. ಕುಂಡಿಯ ಹೊಲಿಗೆ ಬಿಗಿಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸ್ಟೇಜ್ ಮೇಲೆ ಗೊತ್ತಾಗಬಾರದು ಅಲ್ವಾ? ಈ ಎರಡು ಪರೀಕ್ಷೆಯನ್ನು ನೀವು ಯಾವ ಅಂಗಡಿಯ ಟ್ರಯಲ್ ರೂಮಿನಲ್ಲೂ ಮಾಡಬಹುದು. ನಾಚಿಕೆ ಬೇಡ. ಮದುವೆ ದಿನ ಹಾಕುವ ಶರ್ಟು, ಶೂ ಹಾಕಿಕೊಂಡೇ ಮಾಡಿ. ಪ್ಯಾಂಟಿನ ಉದ್ದವನ್ನು ಚಪ್ಪಲಿಯಲ್ಲಿ ಅಳೆಯಬಾರದು.

ಇನ್ನು ದುಡ್ಡಿನ ವಿಷಯ. ನನ್ನ ಅಂಗಡಿಯ ಲೆಕ್ಕ ಹೇಳುತ್ತೇನೆ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಕೋಟು ಪ್ಯಾಂಟಿಗೆ ಸುಮಾರು 3.25 ಮೀಟರ್ ಬೇಕು. ಎತ್ತರದ ಆಳಾದರೆ ಇನ್ನು ಕಾಲು ಮೀಟರ್ ಜಾಸ್ತಿ. ಮೀಟರಿಗೆ 600 ರೂಪಾಯಿಯ ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆ, ನಾವು ಟಿ.ಆರ್. ಅನ್ನುತ್ತೇವೆ, ತಗೊಂಡರೆ 1,950 ಆಯಿತು. ಹೊಲಿಗೆ 4,500. ಬಿಳಿ ಶರ್ಟಿಗೆ 1,200. ಎಲ್ಲ ಸೇರಿ 7,650. ಅದೇ ರೆಡಿಮೇಡ್‌ಗೆ ಹೋದರೆ ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ದಾಟಿದ ಉಡುಪಿಗೆ ಜಿಎಸ್‌ಟಿ ಶೇ. 18 ಆಗಿದೆ. ಮೊದಲು 12 ಇತ್ತು. ಮೀಟರ್ ಲೆಕ್ಕದಲ್ಲಿ ಕೊಳ್ಳುವ ಸೂಟಿನ ಬಟ್ಟೆಗೆ ಶೇ. 5.

ಬಟ್ಟೆಗೆ ನಮ್ಮೂರಿನವರು ರೈಲು ಹತ್ತಿ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಾರೆ. ಹೋಗಿ, ಆಯ್ಕೆ ಜಾಸ್ತಿ ಸಿಗುತ್ತದೆ. ಆದರೆ "ಇದು ಉಣ್ಣೆ ಸೇರಿರೋದು" ಅಂತ ಬೆಲೆ ಏರಿಸಿದರೆ ಅಂಚಿನಿಂದ ನಾಲ್ಕೆಳೆ ನೂಲು ಕೇಳಿ. ಹೊರಗೆ ಬಂದು ಕಡ್ಡಿ ಗೀರಿ. ಉಣ್ಣೆ ಉರಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಸೇರಿದ್ದರೆ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ನೂಲು ಪೂರ್ತಿ ಆರಿದ ಮೇಲೆ ಮುಟ್ಟಿ, ಬೆರಳು ಸುಟ್ಟೀತು.

ಒಳಗಿನ ವಿಷಯ ಕೇಳುವವರು ಕಡಿಮೆ. ಕೋಟಿನ ಎದೆಭಾಗ ನಿಲ್ಲುವುದು ಒಳಗೆ ಕೊಡುವ ಪದರದಿಂದ. ಅದನ್ನು ಹೊಲಿದು ಕೂರಿಸಿದರೆ ಕ್ಯಾನ್ವಾಸ್. ಬಿಸಿ ಮಾಡಿ ಅಂಟಿಸಿದರೆ ಫ್ಯೂಸಿಂಗ್. ಕ್ಯಾನ್ವಾಸ್ ಕೆಲಸ ಚಂದ, ಆದರೆ ದಿನ ಹಿಡಿಯುತ್ತದೆ, ದುಡ್ಡೂ ಜಾಸ್ತಿ. ಕಡಿಮೆ ಬಜೆಟ್ಟಿನಲ್ಲಿ ಅದಕ್ಕೆ ಆಸೆಪಡಬೇಡಿ. ಒಳ್ಳೆಯ ಫ್ಯೂಸಿಂಗ್ ಸಾಕು. ಕೆಟ್ಟ ಫ್ಯೂಸಿಂಗ್ ಒಂದೆರಡು ಸಲ ಡ್ರೈ ಕ್ಲೀನಿಂಗ್‌ಗೆ ಹೋಗಿ ಬಂದರೆ ಎದೆ ಮೇಲೆ ಗುಳ್ಳೆ ಎದ್ದ ಹಾಗೆ ಬಿಟ್ಟುಕೊಳ್ಳುತ್ತದೆ. ಟೈಲರ್ ಹತ್ತಿರ ಅವನು ಒಂದು ವರ್ಷದ ಹಿಂದೆ ಹೊಲಿದ ಕೋಟು ಯಾರದ್ದಾದರೂ ಇದ್ದರೆ ತೋರಿಸಲು ಹೇಳಿ. ನನ್ನನ್ನು ಹಾಗೆ ಕೇಳಿದವರ ಬಗ್ಗೆ ನನಗೆ ಗೌರವವೇ ಹೆಚ್ಚಾಗಿದೆ.

ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೇವಿ ಬ್ಲೂ ಅಥವಾ ಗಾಢ ಬೂದು ಬಣ್ಣ ತಗೊಂಡರೆ ನಾಳೆ ಇಂಟರ್‌ವ್ಯೂಗೂ ಆಗುತ್ತದೆ, ಭಾವಮೈದುನನ ಮದುವೆಗೂ ಆಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ನೇವಿ ಕಪ್ಪಗೆ ಕಾಣುತ್ತದೆ, ಬಟ್ಟೆಯನ್ನು ಬಾಗಿಲ ಹತ್ತಿರ ಬಿಸಿಲಿಗೆ ತಂದು ನೋಡಿ. ಹುಡುಗಿಯ ಸೀರೆಗೆ ಹೊಂದಿಸಬೇಕು ಅಂತಿದ್ದರೆ ಫೋನಿನ ಫೋಟೋ ನಂಬಬೇಡಿ. ಬ್ಲೌಸ್ ಪೀಸಿನಲ್ಲಿ ಬೆರಳಗಲ ತುಂಡು ಕೇಳಿ ತರಿಸಿಕೊಳ್ಳಿ. ಅದನ್ನು ಟೈಗೋ, ಜೇಬಿನ ಕರ್ಚೀಫಿಗೋ ಹೊಂದಿಸಿದರೆ ಸಾಕು. ಪೂರ್ತಿ ಸೂಟನ್ನೇ ಮೆರೂನ್ ವೆಲ್ವೆಟ್ ಮಾಡಿಸಿದವರು ಎರಡನೇ ಸಲ ಹಾಕಿದ್ದು ನಾನು ನೋಡಿಲ್ಲ. ಅಂಥ ಬಟ್ಟೆಯೇ ಬೇಕು ಅಂದರೆ ಬಾಡಿಗೆಗೆ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಬಾಡಿಗೆಯದ್ದಾದರೂ ಹೆಗಲು ಮಾತ್ರ ನೋಡಿಯೇ ತನ್ನಿ.

ದುಡ್ಡು ಕಡಿಮೆ ಇದ್ದವರು ಸಮಯ ಜಾಸ್ತಿ ಇಟ್ಟುಕೊಳ್ಳಬೇಕು. ಮದುವೆಗೆ ಒಂದೂವರೆ ತಿಂಗಳ ಮೊದಲೇ ಬನ್ನಿ. ಶ್ರಾವಣದಲ್ಲಿ ಮದುವೆಯಿದ್ದರೆ ಆಷಾಢದಲ್ಲೇ ಹೊಲಿಸಿ. ಆಗ ಬಟ್ಟೆ ಅಂಗಡಿಗಳಲ್ಲಿ ಆಷಾಢದ ಸೇಲ್ ಇರುತ್ತದೆ, ಮದುವೆಗಳಿಲ್ಲದೆ ನಮ್ಮ ಕೈಯೂ ಖಾಲಿ ಇರುತ್ತದೆ. ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಒಂದು ಟ್ರಯಲ್, ಪೂರ್ತಿ ಆದ ಮೇಲೆ ಇನ್ನೊಂದು, ಎರಡನ್ನೂ ಕೇಳಿ ಪಡೆಯಿರಿ. ಕಚ್ಚಾ ಟ್ರಯಲ್‌ನಲ್ಲೇ ಒಬ್ಬ ಹುಡುಗನ ಬಲ ಹೆಗಲು ಅರ್ಧ ಇಂಚು ಇಳಿದಿದ್ದು ಕಂಡಿತು. ಚಿಕ್ಕಂದಿನಿಂದ ಡೇರಿಗೆ ಹಾಲಿನ ಕ್ಯಾನು ಹೊತ್ತವನು. ಆ ಕಡೆ ಪ್ಯಾಡ್ ಸ್ವಲ್ಪ ದಪ್ಪ ಕೊಟ್ಟೆ. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡು ಸುಮ್ನೆ ನಿಂತುಬಿಟ್ಟ. ಅವನ ಸೂಟಿಗೆ ಆದ ಖರ್ಚು ಏಳೂವರೆ ಸಾವಿರ. ಒಳಗೆ ಒಂದೂವರೆ ಇಂಚು ಮಾರ್ಜಿನ್, ಅಂದರೆ ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ, ಬಿಟ್ಟಿದ್ದೆ. ಮದುವೆಯಾದ ಎರಡು ವರ್ಷಕ್ಕೆ, ತಮ್ಮನ ಮದುವೆ ಬಂದಾಗ, ಅದನ್ನೇ ಬಿಡಿಸಿ ಸೂಟು ಸಡಿಲ ಮಾಡಿಸಿಕೊಂಡು ಹೋದ. ನೀವೂ ಕೊಡುವಾಗಲೇ ಕೇಳಿ, "ಮಾರ್ಜಿನ್ ಎಷ್ಟು ಬಿಡ್ತೀರಾ?" ಅಂತ.

ಸಂಜೆ ಹಾಕಿಕೊಳ್ಳುವಾಗ ಇನ್ನೆರಡು ಕೆಲಸ ಇದೆ. ಎರಡು ಗುಂಡಿಯ ಕೋಟಾದರೆ ಮೇಲಿನದ್ದು ಮಾತ್ರ ಹಾಕಿ, ಕೂರುವಾಗ ಅದನ್ನೂ ಬಿಚ್ಚಿ. ಕೋಟಿನ ಹಿಂದಿನ ಸೀಳಿಗೆ ಅಡ್ಡಡ್ಡ ಹಾಕಿರುವ ಎರಡು ಎಳೆ ದಾರ, ತೋಳಿನ ತುದಿಯ ಲೇಬಲ್, ಜೇಬಿನ ಬಾಯಿಯ ಕಚ್ಚಾ ಹೊಲಿಗೆ ಇವು ಅಂಗಡಿಯಿಂದ ಬರುವವರೆಗೆ ಮಾತ್ರ ಇರಬೇಕಾದವು. ಹೊರಡುವ ಮೊದಲು ತಂಗಿಯನ್ನೋ, ಸ್ನೇಹಿತನನ್ನೋ ಕರೆದು ಸಣ್ಣ ಕತ್ತರಿಯಿಂದ ಬಿಡಿಸಿಕೊಳ್ಳಿ. ಸೀಳಿನ ದಾರ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಹಿಂದೆ ನಿಂತು ವಿಡಿಯೋ ತೆಗೆಯುವವನಿಗೆ ಬೀಳುತ್ತದೆ.