ಚಿಪ್ ದಾಟಿದ ಮೇಲಿನ ದಾರಿ

ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಉಪಕರಣವಾದ ಡ್ಯಾಕ್ ಆರಿಸುವಾಗ ನಾನು ಬಹಳ ಕಾಲ ಒಳಗಿರುವ ಚಿಪ್‌ನ ಹೆಸರೊಂದನ್ನೇ ನೋಡುತ್ತಿದ್ದೆ. ಒಂದೇ ಚಿಪ್ ಬಳಸಿದ ಎರಡು ಡ್ಯಾಕ್‌ಗಳನ್ನು ಗೆಳೆಯರಿಂದ ಎರವಲು ತಂದು ಒಂದು ಭಾನುವಾರ ಪೂರ್ತಿ ಕೇಳಿದ ಮೇಲೆ ಆ ಅಭ್ಯಾಸ ತಪ್ಪಿತು.

ಮೊದಲ ಅರ್ಧ ಗಂಟೆಯಲ್ಲೇ ಒಂದು ಡ್ಯಾಕ್ ಹೆಚ್ಚು ತೆರೆದುಕೊಂಡು, ಜೀವಂತವಾಗಿ ಕೇಳಿಸಿತು. ತೀರ್ಮಾನಕ್ಕೆ ಬರುವ ಮುನ್ನ 400 ಹರ್ಟ್ಸ್‌ನ ಸ್ವರವನ್ನು ನುಡಿಸಿ, ಆಂಪ್ಲಿಫೈಯರ್ ಜೋಡಿಸಿದ ಸ್ಥಿತಿಯಲ್ಲೇ ಮಲ್ಟಿಮೀಟರ್‌ನಿಂದ ಅಳೆದಾಗ, ಅದರ ಔಟ್‌ಪುಟ್ 2.3 ವೋಲ್ಟ್, ಇನ್ನೊಂದರದು 2 ವೋಲ್ಟ್ ಎಂದು ತಿಳಿಯಿತು. ಈ 1.2 ಡೆಸಿಬಲ್ ವ್ಯತ್ಯಾಸವನ್ನು ಕಿವಿ ಸದ್ದಿನ ಹೆಚ್ಚಳವೆಂದು ಗುರುತಿಸದೆ ಗುಣವೆಂದೇ ಭಾವಿಸುತ್ತದೆ. ಎರಡನ್ನೂ 2 ವೋಲ್ಟ್‌ಗೆ ಹೊಂದಿಸಿದ ಮೇಲೆ ನನ್ನ ಮೆಚ್ಚುಗೆ ತಿರುವುಮುರುವಾಯಿತು: ನಾನು ಮೆಚ್ಚಿದ್ದ ಡ್ಯಾಕ್‌ನಲ್ಲಿ ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ಕೆಳಗಿನ ಸ್ವರಗಳು ಸೊರಗಿದ್ದವು. 40 ಹರ್ಟ್ಸ್‌ನಲ್ಲಿ ಅಳೆದರೆ ಮೀಟರ್ 1.6 ವೋಲ್ಟ್ ಮಾತ್ರ ತೋರಿಸಿತು. ಇನ್ನೊಂದು 2 ವೋಲ್ಟ್‌ನಲ್ಲೇ ನಿಂತಿತ್ತು.

ಮುಚ್ಚಳ ತೆಗೆದು ನೋಡಿದಾಗ ಕಾರಣ ಕಂಡಿತು. ಔಟ್‌ಪುಟ್‌ನ ದಾರಿಯಲ್ಲಿ ಡಿಸಿಯನ್ನು, ಅಂದರೆ ಏಕಮುಖ ವಿದ್ಯುತ್ತನ್ನು, ತಡೆಯಲು 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇತ್ತು. ಆ ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಂಕೇತದ ಹರಿವಿಗೆ ಒಡ್ಡುವ ತಡೆ) 1 ಕಿಲೋಓಮ್, ನನ್ನ ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪೀಡೆನ್ಸ್ 10 ಕಿಲೋಓಮ್. ಇವೆರಡರ ಮೊತ್ತದೊಡನೆ ಆ ಕೆಪಾಸಿಟರ್ ಕೆಳಗಿನ ಆವರ್ತನಗಳನ್ನು ತಗ್ಗಿಸುವ ಒಂದು ಹೈಪಾಸ್ ಫಿಲ್ಟರ್ ಆಗಿ, 31 ಹರ್ಟ್ಸ್‌ನ ಹೊತ್ತಿಗೆ ಸಂಕೇತವನ್ನು 3 ಡೆಸಿಬಲ್‌ನಷ್ಟು ಇಳಿಸುತ್ತಿತ್ತು. ಚಿಪ್ ಎಷ್ಟೇ ನಿಖರವಾಗಿದ್ದರೂ ಅದು ಕೊಡುವ ಕರೆಂಟನ್ನು ವೋಲ್ಟೇಜ್ ಆಗಿಸುವುದು, ಶ್ರವಣಮಿತಿಗೆ ಮೇಲಿನ ಅನಗತ್ಯ ಆವರ್ತನಗಳನ್ನು ಸೋಸುವುದು, ಕೇಬಲ್ಲನ್ನೂ ಮುಂದಿನ ಉಪಕರಣವನ್ನೂ ನಡೆಸುವುದು, ಇವೆಲ್ಲ ಅನಲಾಗ್ ಹಂತದ ಕೆಲಸ. ಅಲ್ಲಿ ಕಳೆದುಹೋದದ್ದನ್ನು ಚಿಪ್ ಮರಳಿ ತರಲಾರದು.

ಇನ್ನೊಂದು ಡ್ಯಾಕ್‌ನಲ್ಲಿ ಅನಲಾಗ್ ಹಂತದ ವರ್ಧಕಗಳಾದ ಓಪ್‌ಆಂಪ್‌ಗಳಿಗೆ ಧನ 12 ಮತ್ತು ಋಣ 12 ವೋಲ್ಟ್‌ಗಳ ಪ್ರತ್ಯೇಕ ಪೂರೈಕೆಯಿತ್ತು. 2 ವೋಲ್ಟ್ ಆರ್‌ಎಂಎಸ್ (ಮೀಟರ್ ತೋರಿಸುವ ಪರಿಣಾಮಕಾರಿ ಮೌಲ್ಯ) ಎಂದರೆ ತುದಿಯಿಂದ ತುದಿಗೆ 5.66 ವೋಲ್ಟ್; ಯುಎಸ್‌ಬಿಯ 5 ವೋಲ್ಟ್ ನೇರವಾಗಿ ಅದಕ್ಕೆ ಸಾಲದು ಎಂಬುದನ್ನು ನೆನೆದರೆ ಈ ಉದಾರತೆಯ ಬೆಲೆ ತಿಳಿಯುತ್ತದೆ. ಔಟ್‌ಪುಟ್ ಇಂಪೀಡೆನ್ಸ್ 100 ಓಮ್. ದಾರಿಯಲ್ಲಿ ಕೆಪಾಸಿಟರ್ ಇಲ್ಲ. ಹಾಗೆ ನೇರವಾಗಿ ಜೋಡಿಸಿದಾಗ ಡಿಸಿ ಸೋರಿಕೆಯ ಭಯವಿರುವುದರಿಂದ ಅದನ್ನೂ ಅಳೆದೆ: ಸುಮಾರು 1 ಮಿಲಿವೋಲ್ಟ್. ಅಂಥದ್ದನ್ನೇ ಕೊಂಡೆ.

ಎರವಲು ತಂದವುಗಳನ್ನು ಹಿಂದಿರುಗಿಸುವಾಗ, ಕೆಪಾಸಿಟರ್ ಇದ್ದ ಡ್ಯಾಕನ್ನು ಗೆಳೆಯರ ಆಂಪ್ಲಿಫೈಯರ್‌ಗೆ ಜೋಡಿಸಿ ಮತ್ತೊಮ್ಮೆ ಪರೀಕ್ಷಿಸಿದೆವು. ಅದರ ಇನ್‌ಪುಟ್ ಇಂಪೀಡೆನ್ಸ್ 47 ಕಿಲೋಓಮ್. ಅಲ್ಲಿ 40 ಹರ್ಟ್ಸ್‌ನಲ್ಲಿ ಮೀಟರ್ 1.97 ವೋಲ್ಟ್ ತೋರಿಸಿತು, ಡಬಲ್ ಬೇಸ್ ತುಂಬಿಕೊಂಡು ನುಡಿಯಿತು. ಅವರ ಮನೆಯಲ್ಲಿ ಆ ಡ್ಯಾಕ್‌ನ ಮೇಲೆ ಯಾವ ದೂರೂ ಇಲ್ಲ. ಆದರೂ ಮುಂದೆ ಯಾವ ಆಂಪ್ಲಿಫೈಯರ್ ಬರುವುದೋ ತಿಳಿಯದಿರುವಾಗ ಅಷ್ಟು ಚಿಕ್ಕ ಕೆಪಾಸಿಟರ್ ಇಟ್ಟ ವಿನ್ಯಾಸವನ್ನು ನಾನು ಒಪ್ಪಲಾರೆ.