ವೇಷ ಬದಲಿಸುವ ಪ್ರೇಮಹಾಸ್ಯ ಮಾಂಗಾ: ಇಂಗ್ಲಿಷ್ ಲೈಸೆನ್ಸ್ ಪಟ್ಟಿ ಎಲ್ಲಿಗೆ ಬಂತು

ಹುಡುಗಿ ಹುಡುಗನ ವೇಷದಲ್ಲಿ, ಹುಡುಗ ಹುಡುಗಿಯ ವೇಷದಲ್ಲಿ ಕಾಣಿಸಿಕೊಂಡು, ಆ ವೇಷದಿಂದಲೇ ಪ್ರೇಮದ ಗೋಜಲು ಹುಟ್ಟುವ ಮಾಂಗಾಗಳು, ಅಂದರೆ ಜಪಾನಿ ಚಿತ್ರಕಥೆಗಳು, ಜಪಾನಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಲೈಸೆನ್ಸ್ (ಪ್ರಕಟಣೆಯ ಹಕ್ಕು) ಪಡೆದು ಇಂಗ್ಲಿಷಿಗೆ ಅಧಿಕೃತವಾಗಿ ಬಂದವು ಯಾವುವು, ಈಗ ಕೊಳ್ಳಲು ಸಿಗುವುವು ಯಾವುವು ಎಂಬುದನ್ನು ಒಂದೆಡೆ ಕೂಡಿಡುವುದು ಈ ಪಟ್ಟಿಯ ಉದ್ದೇಶ. ಈ ಹಂತದಲ್ಲಿ ಆದ ದೊಡ್ಡ ಬದಲಾವಣೆ ಇದು: ಒಂದು ಕೃತಿಗೆ ಒಂದು ಸಾಲು ಎಂಬ ವ್ಯವಸ್ಥೆ ಬಿಟ್ಟು, ಒಂದು ಆವೃತ್ತಿಗೆ ಒಂದು ಸಾಲು ಎಂದು ಮಾಡಿದ್ದೇವೆ. "ಲೈಸೆನ್ಸ್ ಇದೆ / ಇಲ್ಲ" ಎಂಬ ಕಾಲಂ ತೆಗೆದುಹಾಕಿದ್ದೇವೆ. ಲೈಸೆನ್ಸ್ ಆಗಿ, ಪೂರ್ತಿ ಅಚ್ಚಾಗಿ, ಆಮೇಲೆ ಹಕ್ಕು ಜಪಾನಿಗೆ ಮರಳಿ, ಇವತ್ತು ಹಳೆ ಪುಸ್ತಕದಂಗಡಿಯಲ್ಲಿ ಬಿಟ್ಟರೆ ಎಲ್ಲೂ ಸಿಗದ ಪುಸ್ತಕಕ್ಕೆ "ಇದೆ" ಎಂದು ಬರೆದರೆ ಓದುಗನಿಗೆ ಏನೂ ಪ್ರಯೋಜನವಿಲ್ಲ.

ಹೊಸ ಸ್ಥಿತಿ ಕಾಲಂನಲ್ಲಿ ಆರು ಬಗೆಯ ಗುರುತುಗಳಿವೆ: ಪೂರ್ಣ ಮತ್ತು ಮುದ್ರಣದಲ್ಲಿದೆ, ಹೊರಬರುತ್ತಿದೆ, ಪೂರ್ಣ ಆದರೆ ಮುದ್ರಣ ನಿಂತಿದೆ, ನಡುವೆ ನಿಂತಿದೆ, ಡಿಜಿಟಲ್ ಮಾತ್ರ, ಲೈಸೆನ್ಸೇ ಆಗಿಲ್ಲ. ಘೋಷಣೆಯಾಗಿ ಇನ್ನೂ ಪುಸ್ತಕ ಬಾರದಿದ್ದರೆ ಸ್ಥಿತಿ ಕಾಲಂ ಖಾಲಿ ಇರುತ್ತದೆ, ಘೋಷಣೆಯ ವರ್ಷ ಮಾತ್ರ ಪಕ್ಕದಲ್ಲಿ ಬೀಳುತ್ತದೆ. ಇಷ್ಟು ಕಟ್ಟುನಿಟ್ಟಿಗೆ ಕಾರಣ ರಿಯೊಕೊ ಇಕೆದಾ ಅವರ "ದಿ ರೋಸ್ ಆಫ್ ವರ್ಸೈ". ಅದರ ಇಂಗ್ಲಿಷ್ ಲೈಸೆನ್ಸನ್ನು ಉಡಾನ್ ಎಂಟರ್‌ಟೇನ್‌ಮೆಂಟ್ ಘೋಷಿಸಿದ್ದು 2015ರಲ್ಲಿ, ಮೊದಲ ಸಂಪುಟ ಓದುಗರ ಕೈಸೇರಿದ್ದು 2020ರಲ್ಲಿ. ಅದು ಹಾಸ್ಯವಲ್ಲ, ದುರಂತ. ನಮ್ಮ ಮುಖ್ಯ ಪಟ್ಟಿಯಲ್ಲಿ ಇಲ್ಲ. ಆದರೆ ಗಂಡುವೇಷದ ಕಥೆಗಳ ವಂಶವೃಕ್ಷ ಅದಿಲ್ಲದೆ ಅರ್ಥವಾಗದು, ಹಾಗಾಗಿ ಪೂರಕ ಹಾಳೆಯಲ್ಲಿ ಇಟ್ಟಿದ್ದೇವೆ.

ಯಾವುದು ಒಳಗೆ, ಯಾವುದು ಹೊರಗೆ

ಸೇರಿಸಲು ಮೂರು ಪರೀಕ್ಷೆ ಇಟ್ಟುಕೊಂಡಿದ್ದೇವೆ. ವೇಷವನ್ನು ಪಾತ್ರವೇ ಧರಿಸಿರಬೇಕು. ಮಂತ್ರ, ಶಾಪ, ದೇಹ ಅದಲುಬದಲು ನಡೆಯದು. ಆ ವೇಷ ಕಥೆಯ ಪ್ರೇಮವನ್ನು ಮುಂದಕ್ಕೆ ತಳ್ಳಬೇಕು. ಒಂದು ಶಾಲಾ ಉತ್ಸವದ ಅಧ್ಯಾಯದಲ್ಲಿ ಹುಡುಗರು ಸೇವಕಿಯರ ಉಡುಪು ತೊಟ್ಟರೆ ಸಾಲದು. ಒಟ್ಟು ಧಾಟಿ ಹಾಸ್ಯದ್ದಾಗಿರಬೇಕು.

ಮೊದಲ ಪರೀಕ್ಷೆಯಲ್ಲೇ ರುಮಿಕೊ ತಕಾಹಾಶಿ ಅವರ "ರಾನ್ಮಾ ½" ಹೊರಬೀಳುತ್ತದೆ. ತಣ್ಣೀರು ಬಿದ್ದು ದೇಹವೇ ಬದಲಾಗುವುದು ವೇಷವಲ್ಲ. ಇನ್ನೂ ಎಚ್ಚರ ಬೇಕಾದದ್ದು ಟ್ರಾನ್ಸ್ ಪಾತ್ರಗಳ ಕಥೆಗಳ ವಿಷಯದಲ್ಲಿ. ಶಿಮುರಾ ತಕಾಕೊ ಅವರ "ವಾಂಡರಿಂಗ್ ಸನ್" ಅನ್ನು ಅಂಗಡಿಗಳ ಟ್ಯಾಗುಗಳು ಇದೇ ಗುಂಪಿಗೆ ಸೇರಿಸುತ್ತವೆ. ಅಲ್ಲಿ ಮಕ್ಕಳು ಉಡುಪನ್ನು ತಮಾಷೆಗೋ ಮರೆಮಾಚಲೋ ತೊಡುವುದಿಲ್ಲ. ತಾವು ಯಾರು ಎಂಬುದನ್ನೇ ಹುಡುಕುತ್ತಿರುತ್ತಾರೆ. ಅದನ್ನು ಪ್ರೇಮಹಾಸ್ಯದ ಪಟ್ಟಿಗೆ ಹಾಕುವುದು ಕೃತಿಗೂ ಅನ್ಯಾಯ, ನಗಲು ಬಂದ ಓದುಗನಿಗೂ ಅನ್ಯಾಯ. ಪೂರಕ ಹಾಳೆಯಲ್ಲಿ ಅದರ ಸ್ಥಿತಿ "ನಡುವೆ ನಿಂತಿದೆ": ಜಪಾನಿನಲ್ಲಿ 15 ಸಂಪುಟ, ಇಂಗ್ಲಿಷಿನಲ್ಲಿ ಫ್ಯಾಂಟಾಗ್ರಾಫಿಕ್ಸ್ 2011ರಿಂದ ತಂದದ್ದು 8.

ಅಕಿಕೊ ಹಿಗಾಶಿಮುರಾ ಅವರ "ಪ್ರಿನ್ಸೆಸ್ ಜೆಲ್ಲಿಫಿಶ್" ಬಗ್ಗೆ ಚರ್ಚೆ ನಡೆದು ಒಳಗೆ ಉಳಿಯಿತು. ರಾಜಕಾರಣಿಯ ಮಗ ಕುರಾನೊಸುಕೆ ಹೆಣ್ಣುವೇಷ ತೊಡುವುದು ಬಟ್ಟೆಯ ಮೇಲಿನ ಪ್ರೀತಿಯಿಂದ. ಗಂಡಸರಿಗೆ ಪ್ರವೇಶವಿಲ್ಲದ ಅಮಾಮಿಜುಕಾನ್ ಮನೆಗೆ ಅವನು ಕಾಲಿಡುವುದೂ ಆ ವೇಷದಿಂದಲೇ ಸಾಧ್ಯವಾಗುತ್ತದೆ. ವೇಷ ತೆಗೆದರೆ ಕಥೆಯೇ ಉಳಿಯುವುದಿಲ್ಲ. ಎರಡನೇ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಂಪುಟ ಲೆಕ್ಕ

ಅತಿ ಹೆಚ್ಚು ಗೊಂದಲ ಹುಟ್ಟುವುದು ಓಮ್ನಿಬಸ್ ಆವೃತ್ತಿಗಳಲ್ಲಿ, ಅಂದರೆ ಎರಡು ಮೂರು ಸಂಪುಟಗಳನ್ನು ಒಂದೇ ಹೊದಿಕೆಯೊಳಗೆ ಹೊಲಿದ ಪುಸ್ತಕಗಳಲ್ಲಿ. ಮೂಲ ಸಂಪುಟಗಳ ಸಂಖ್ಯೆಯನ್ನು ಎರಡರಿಂದಲೋ ಮೂರರಿಂದಲೋ ಭಾಗಿಸಿ ಮೇಲಕ್ಕೆ ಪೂರ್ಣಾಂಕ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಿಸಾಯಾ ನಕಾಜೊ ಅವರ "ಹಾನಾ-ಕಿಮಿ" 23 ಸಂಪುಟ. ಮೂರೊಂದರ ಲೆಕ್ಕದಲ್ಲಿ 8 ಓಮ್ನಿಬಸ್, ಕೊನೆಯದರಲ್ಲಿ ಎರಡೇ ಸಂಪುಟ. "ಪ್ರಿನ್ಸೆಸ್ ಜೆಲ್ಲಿಫಿಶ್" 17. ಎರಡೊಂದರ ಲೆಕ್ಕದಲ್ಲಿ 9. ಆದರೆ ಸೂತ್ರವನ್ನು ಕಣ್ಣುಮುಚ್ಚಿ ನಂಬಬಾರದು. "ರಾನ್ಮಾ ½" ಜಪಾನಿನಲ್ಲಿ 38 ಸಂಪುಟ, ಸೂತ್ರ 19 ಎನ್ನುತ್ತದೆ, ಇಂಗ್ಲಿಷ್ ಓಮ್ನಿಬಸ್ ಇರುವುದು 18. ಅಮೆರಿಕದ ಪ್ರಕಾಶಕ ಸಂಸ್ಥೆ ವಿಜ್ ಮೊದಲ ಸಲ ತಂದಾಗಲೇ ಅಧ್ಯಾಯಗಳನ್ನು 36 ಪುಸ್ತಕಗಳಿಗೆ ಹೊಂದಿಸಿತ್ತು. ಆದ್ದರಿಂದ ಎರಡು ಕಾಲಂ ಬೇಕು: "ಈ ಪುಸ್ತಕದಲ್ಲಿ ಮೂಲದ ಯಾವ ಸಂಪುಟಗಳಿವೆ" ಮತ್ತು "ಯಾವ ಅಧ್ಯಾಯದವರೆಗೆ". ಎರಡನೆಯದನ್ನು ಒಳಪುಟದ ಪರಿವಿಡಿ ನೋಡಿಯೇ ತುಂಬಬೇಕು; ಅಂಗಡಿಯ ವಿವರಣೆ ನಂಬಿ ತುಂಬಬೇಡಿ.

ಜಪಾನಿನ ಮರುಮುದ್ರಣಗಳೂ ಇದೇ ತೊಂದರೆ ಕೊಡುತ್ತವೆ. ಬುಂಕೊ ಗಾತ್ರದ ಸಣ್ಣ ಪುಸ್ತಕಗಳಲ್ಲಿ ಪುಟ ಹೆಚ್ಚು, ಸಂಪುಟ ಕಡಿಮೆ. ಮೂಲ ಸಂಖ್ಯೆ ಬರೆಯುವಾಗ ಮೊದಲ ತಾಂಕೋಬೊನ್ (ಪುಸ್ತಕರೂಪದ ಸಂಪುಟ) ಆವೃತ್ತಿಯದ್ದನ್ನೇ ಹಿಡಿಯಬೇಕು.

ಐಎಸ್‌ಬಿಎನ್ ಕೆಲಸ

ಗುರುತಿಗೆ ನಂಬಬಹುದಾದದ್ದು ಪುಸ್ತಕದ ಪ್ರತಿ ಆವೃತ್ತಿಗೂ ಕೊಡುವ ಸಂಖ್ಯೆಯಾದ ಐಎಸ್‌ಬಿಎನ್ ಒಂದೇ. 2007ರ ಜನವರಿಗೆ ಮುಂಚಿನ ಪುಸ್ತಕಗಳಲ್ಲಿ 10 ಅಂಕೆ, ನಂತರ 13. ಈ ಪ್ರಕಾರದ ಇಂಗ್ಲಿಷ್ ಮಾಂಗಾ ಹೆಚ್ಚು ಬಂದದ್ದೇ 2004ರಿಂದ 2008ರ ನಡುವೆ. ಹಾಗಾಗಿ ಒಂದೇ ಸರಣಿಯಲ್ಲಿ ಎರಡೂ ಸಿಗುತ್ತವೆ. ಹತ್ತನ್ನು ಹದಿಮೂರಕ್ಕೆ ತಿರುಗಿಸಲು ಕೊನೆಯ ಅಂಕೆ ತೆಗೆಯಿರಿ, ಮುಂದೆ 978 ಸೇರಿಸಿ. ಬಂದ 12 ಅಂಕೆಗಳನ್ನು ಎಡದಿಂದ 1, 3, 1, 3 ಎಂದು ಸರದಿಯಲ್ಲಿ ಗುಣಿಸಿ ಕೂಡಿಸಿ. ಮೊತ್ತ ಹತ್ತರ ಗುಣಕವಾಗಲು ಎಷ್ಟು ಬೇಕೋ ಅದೇ ಹೊಸ ಕೊನೆಯ ಅಂಕೆ. ಹಳೆಯ ಕೊನೆಯ ಅಂಕೆಯನ್ನೇ ಉಳಿಸಿಕೊಂಡರೆ ಸಂಖ್ಯೆ ಬಹುಪಾಲು ಕೆಡುತ್ತದೆ, ಹುಡುಕಾಟದಲ್ಲಿ ಪುಸ್ತಕ ಸಿಗುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಈ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಹೊಂದಿಸಿ. ಸಂಖ್ಯೆ ಎಂದು ಬಿಟ್ಟರೆ 13 ಅಂಕೆಯದ್ದು ಇ+12 ರೂಪಕ್ಕೆ ತಿರುಗುತ್ತದೆ, ಸೊನ್ನೆಯಿಂದ ಶುರುವಾಗುವ ಹಳೆಯ ಸಂಖ್ಯೆಗಳ ಸೊನ್ನೆ ಉದುರುತ್ತದೆ. ಕೊನೆಯಲ್ಲಿ ಎಕ್ಸ್ ಅಕ್ಷರ ಕಂಡರೆ ತಪ್ಪೆಂದು ಅಳಿಸಬೇಡಿ. 10 ಅಂಕೆಯ ಪದ್ಧತಿಯಲ್ಲಿ ಅದು ಹತ್ತು ಎಂಬ ಬೆಲೆ.

ಜಪಾನಿ ಆವೃತ್ತಿಗೆ ಇನ್ನೊಂದು ಉಪಯೋಗವಿದೆ. 978-4 ಆದ ಮೇಲಿನ ಅಂಕೆಗಳು ಪ್ರಕಾಶಕರನ್ನು ಹೇಳುತ್ತವೆ: 592 ಹಾಕುಸೆನ್‌ಶಾ, 08 ಶುಯೆಯ್ಶಾ, 06 ಕೋಡಾನ್‌ಶಾ, 09 ಶೋಗಾಕುಕಾನ್, 04 ಕಡೊಕಾವಾ. ಯಾವ ಕೃತಿ ಯಾವ ಇಂಗ್ಲಿಷ್ ಸಂಸ್ಥೆಗೆ ಹೋಗಬಹುದು ಎಂಬ ಊಹೆ ಶುರುವಾಗುವುದು ಇಲ್ಲಿಂದಲೇ.

ಯಾರ ಕೃತಿ ಯಾರ ಕೈಗೆ

ವಿಜ್ ಮೀಡಿಯಾದ ಒಡೆಯರು ಶುಯೆಯ್ಶಾ, ಶೋಗಾಕುಕಾನ್ ಮತ್ತು ಅವೆರಡರ ಜಂಟಿ ಸಂಸ್ಥೆ. ಹಾಕುಸೆನ್‌ಶಾ ಕೂಡ ಅದೇ ಹಿತೋತ್ಸುಬಾಶಿ ಬಳಗದ್ದು. 2000ದ ದಶಕದಲ್ಲಿ ಹಾಕುಸೆನ್‌ಶಾದ "ಹಾನಾ ತೊ ಯುಮೆ" ಮತ್ತು "ಲಾಲಾ" ಪತ್ರಿಕೆಗಳ ಗಂಡುವೇಷ, ಹೆಣ್ಣುವೇಷದ ಕಥೆಗಳು ಸಾಲಾಗಿ ವಿಜ್‌ಗೆ ಬಂದದ್ದು ಈ ದಾರಿಯಲ್ಲಿ. "ಹಾನಾ-ಕಿಮಿ"ಯಲ್ಲಿ ಎತ್ತರ ಜಿಗಿತದ ಸಾನೊಗಾಗಿ ಮಿಜುಕಿ ಅಮೆರಿಕದಿಂದ ಬಂದು ಹುಡುಗರ ಹಾಸ್ಟೆಲ್ ಸೇರುತ್ತಾಳೆ. ಬಿಸ್ಕೊ ಹತೋರಿ ಅವರ "ಔರಾನ್ ಹೈಸ್ಕೂಲ್ ಹೋಸ್ಟ್ ಕ್ಲಬ್"ನಲ್ಲಿ 80 ಲಕ್ಷ ಯೆನ್‌ನ ಹೂದಾನಿ ಒಡೆದ ಸಾಲ ತೀರಿಸಲು ಹಾರುಹಿ ಹುಡುಗನಾಗಿ ದುಡಿಯುತ್ತಾಳೆ; 18 ಸಂಪುಟ. ಎಮುರಾ ಅವರ "ಡಬ್ಲ್ಯೂ ಜೂಲಿಯೆಟ್"ನಲ್ಲಿ ನಟನಾಗಲು ಹೊರಟ ಮಾಕೊತೊ, ಶಾಲೆ ಮುಗಿಯುವವರೆಗೆ ಗುಟ್ಟು ಬಿಡದೆ ಹುಡುಗಿಯಾಗಿ ಬಾಳಬೇಕೆಂಬುದು ಅಪ್ಪನ ಷರತ್ತು, 14 ಸಂಪುಟ. ಮೂರೂ ಇಂಗ್ಲಿಷಿನಲ್ಲಿ ಪೂರ್ಣಗೊಂಡವು. ಇಷ್ಟುದ್ದದ ಸರಣಿಗಳು ಮುಗಿಯುವವರೆಗೆ ಬರುವುದು ಎಷ್ಟು ದೊಡ್ಡ ಮಾತು ಎಂಬುದು ಬೇರೆ ಸಾಲುಗಳನ್ನು ನೋಡಿದಾಗ ಗೊತ್ತಾಗುತ್ತದೆ.

ಶಿಜುರು ಸೆಯ್ನೊ ಅವರ "ಗರ್ಲ್ ಗಾಟ್ ಗೇಮ್" ಕೋಡಾನ್‌ಶಾದ ಕೃತಿ. ಹುಡುಗರ ಬಾಸ್ಕೆಟ್‌ಬಾಲ್ ತಂಡಕ್ಕೆ ಮಗಳನ್ನು ಹುಡುಗನೆಂದು ಸೇರಿಸುವ ಅಪ್ಪನ ಕಥೆ. ಟೋಕಿಯೊಪಾಪ್ ಹತ್ತೂ ಸಂಪುಟ ತಂದಿತು. 2009ರಲ್ಲಿ ಕೋಡಾನ್‌ಶಾ ಟೋಕಿಯೊಪಾಪ್‌ಗೆ ಕೊಟ್ಟಿದ್ದ ಲೈಸೆನ್ಸ್‌ಗಳನ್ನು ನವೀಕರಿಸದೆ ಬಿಟ್ಟಿತು. 2011ರಲ್ಲಿ ಟೋಕಿಯೊಪಾಪ್ ಅಮೆರಿಕದ ಪ್ರಕಾಶನವನ್ನೇ ಮುಚ್ಚಿತು. ತಕಾಕೊ ಶಿಗೆಮಾತ್ಸು ಅವರ "ತೆನ್ಶಿ ಜಾ ನಾಯ್" ಗೋ! ಕಾಮಿ ಸಂಸ್ಥೆಯ ಮೊದಲ ಪುಸ್ತಕಗಳಲ್ಲೊಂದು. ಆ ಸಂಸ್ಥೆಯೂ 2010ರಲ್ಲಿ ನಿಂತಿತು. ಈ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದ್ದು ಓದುಗರ ನಿರಾಸಕ್ತಿಯಲ್ಲ, ಪ್ರಕಾಶಕರ ಗತಿ. ನಮ್ಮ ಪಟ್ಟಿಯಲ್ಲಿ "ಮುದ್ರಣ ನಿಂತದ್ದಕ್ಕೆ ಕಾರಣ" ಎಂಬ ಕಾಲಂ ಸೇರಿಸಿದ್ದು ಅದಕ್ಕೇ, ಮತ್ತು ಇಡೀ ಪಟ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಕಾಲಂ ಅದೇ ಎಂದು ನಂಬಿದ್ದೇವೆ. ಮಾರಾಟವಾಗದೆ ನಿಂತದ್ದನ್ನು ಮತ್ತೆ ಕೇಳುವುದು ಕಷ್ಟ. ಸಂಸ್ಥೆ ಮುಳುಗಿ ನಿಂತದ್ದನ್ನು ಕೇಳಲು ಗಟ್ಟಿ ವಾದವಿದೆ.

ಪತ್ರಿಕೆ ನೋಡಿ ಹಕ್ಕಿನ ಒಡೆಯರನ್ನು ಊಹಿಸುವುದು ಎಲ್ಲ ಸಲವೂ ನಡೆಯದು. ಒಸಾಮು ತೆಜುಕಾ ಅವರ "ಪ್ರಿನ್ಸೆಸ್ ನೈಟ್" ಕೋಡಾನ್‌ಶಾದ ಪತ್ರಿಕೆಯಲ್ಲಿ 1953ರಲ್ಲಿ ಶುರುವಾಯಿತು, ಆದರೆ ಅದರ ಹಕ್ಕು ತೆಜುಕಾ ಪ್ರೊಡಕ್ಷನ್ಸ್‌ನದು. 2011ರಲ್ಲಿ ವರ್ಟಿಕಲ್ ಎರಡು ಭಾಗಗಳಲ್ಲಿ ತಂದದ್ದು 1963ರಿಂದ ಮತ್ತೆ ಬರೆದ "ನಕಯೋಶಿ" ಆವೃತ್ತಿ. ಮೊದಲ ಆವೃತ್ತಿಯ ವರ್ಷ ಹಾಕಿ ಎರಡನೆಯದರ ಐಎಸ್‌ಬಿಎನ್ ಬರೆದ ಸಾಲುಗಳು ಅನೇಕ ಕಡೆ ಓಡಾಡುತ್ತಿವೆ. ನಕಲು ಮಾಡುವ ಮುನ್ನ ನೋಡಿ.

ಈಗಿನ ದಿಕ್ಕು ಇಂಗ್ಲಿಷ್ ಪ್ರಕಾಶಕ ಸಂಸ್ಥೆ ಸೆವೆನ್ ಸೀಸ್. ಅದು ಒಂದೇ ಜಪಾನಿ ಬಳಗಕ್ಕೆ ಕಟ್ಟುಬಿದ್ದದ್ದಲ್ಲ, ಸಣ್ಣ ಪ್ರಕಾಶಕರಿಂದಲೂ ಕೊಳ್ಳುತ್ತದೆ. ಗೆಳೆಯನಿಗೆ ಮೇಕಪ್ ಮಾಡಿ ಪೇಚಿಗೆ ಬೀಳುವ "ಐ ಥಿಂಕ್ ಐ ಟರ್ನ್ಡ್ ಮೈ ಚೈಲ್ಡ್‌ಹುಡ್ ಫ್ರೆಂಡ್ ಇನ್‌ಟು ಎ ಗರ್ಲ್", ಇಬ್ಬರೂ ಹೆಣ್ಣುವೇಷದಲ್ಲಿದ್ದು ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದ "ಕ್ರಾಸ್‌ಪ್ಲೇ ಲವ್" ಎರಡೂ ಅಲ್ಲಿಂದ ಬಂದವು. ಹಳೆಯ ಕಥೆಗಳಲ್ಲಿ ವೇಷ ಎಂದರೆ ಬಯಲಾಗಬಾರದ ಗುಟ್ಟು. ಇಲ್ಲಿ ಅದು ಹವ್ಯಾಸ, ಕೌಶಲ. ಹಾಸ್ಯದ ಮೂಲವೇ ಬದಲಾಗಿದೆ, ಮತ್ತು ಅದು ಒಳ್ಳೆಯದಕ್ಕೇ ಆಗಿದೆ.

ಪ್ರಕಾಶಕರಿಗೆ ಬೇಡಿಕೆ ಕಳಿಸುವಾಗ

ಲೈಸೆನ್ಸ್ ಆಗದ ಸಾಲುಗಳಲ್ಲಿ ನಮ್ಮ ಮೊದಲ ಆಯ್ಕೆ ಅಯುಮಿ ಕೊಮುರಾ ಅವರ "ಉಸೋತ್ಸುಕಿ ಲಿಲಿ". ಗಂಡಸರನ್ನು ಕಂಡರಾಗದೆ ತಾನೇ ಹೆಣ್ಣುವೇಷದಲ್ಲಿ ಇರುವ ಹುಡುಗ, ಅವನ ಪ್ರೇಯಸಿ. ಶುಯೆಯ್ಶಾದ "ಮಾರ್ಗರೆಟ್" ಪತ್ರಿಕೆಯದು, 17 ಸಂಪುಟ. ಉದ್ದವೇ ಅದಕ್ಕೆ ಅಡ್ಡಿ. ಇಂಗ್ಲಿಷ್ ಪ್ರಕಾಶಕರು ಜಪಾನಿ ಹಕ್ಕುದಾರರಿಗೆ ಮುಂಗಡ ಕೊಟ್ಟು, ಮಾರಾಟದ ಮೇಲೆ ರಾಯಲ್ಟಿ ಕಟ್ಟಬೇಕು. ಅನುವಾದ, ಅಕ್ಷರ ಜೋಡಣೆ, ಮುದ್ರಣ, ಗೋದಾಮು ಎಲ್ಲದರ ಖರ್ಚು ಪ್ರತಿ ಸಂಪುಟಕ್ಕೂ ಹೊಸದು. ಮೊದಲ ಸಂಪುಟ ಕೊಂಡವರಲ್ಲಿ ಒಂದು ಪಾಲು ಮುಂದಿನದಕ್ಕೆ ಉಳಿಯುವುದಿಲ್ಲ, ಇಳಿತ ಹಾಗೇ ಸಾಗುತ್ತದೆ. ಐದು ಸಂಪುಟದ ಕೃತಿಗೆ ಈ ಇಳಿತ ತಡೆದುಕೊಳ್ಳಬಹುದು, ಹದಿನೇಳಕ್ಕೆ ಕಷ್ಟ. ಆದ್ದರಿಂದ ಉದ್ದ ಸರಣಿ ಕೇಳುವಾಗ "ಓಮ್ನಿಬಸ್ ಆದರೂ ಕೊಳ್ಳುತ್ತೇವೆ, ಡಿಜಿಟಲ್ ಆದರೂ ಸರಿ" ಎಂದು ಸ್ಪಷ್ಟವಾಗಿ ಬರೆಯಬೇಕು.

ಸೆವೆನ್ ಸೀಸ್ ಓದುಗರ ಸಮೀಕ್ಷೆ ನಡೆಸುತ್ತದೆ; ಬೇರೆಯವರೂ ಆಗಾಗ ಕೇಳುತ್ತಾರೆ. ಬೇಡಿಕೆಯಲ್ಲಿ ಜಪಾನಿ ಲಿಪಿಯ ಮೂಲ ಹೆಸರು, ಲೇಖಕರು, ಪ್ರಕಾಶಕರು, ಸಂಪುಟ ಸಂಖ್ಯೆ, ಮುಗಿದಿದೆಯೋ ಇಲ್ಲವೋ, ಮೊದಲ ಸಂಪುಟದ ಐಎಸ್‌ಬಿಎನ್ ಇರಬೇಕು. ಅಭಿಮಾನಿಗಳು ಕಟ್ಟಿದ ಇಂಗ್ಲಿಷ್ ಹೆಸರನ್ನು ಮಾತ್ರ ಬರೆದರೆ ಸಂಸ್ಥೆಯವರಿಗೆ ಅದು ಯಾವ ಪುಸ್ತಕವೆಂದೇ ತಿಳಿಯುವುದಿಲ್ಲ. ಹಕ್ಕು ಮರಳಿದ ಕೃತಿಯಾದರೆ ಹಿಂದಿನ ಪ್ರಕಾಶಕರ ಹೆಸರನ್ನೂ ಸೇರಿಸಿ. ಹಳೆಯ ಅನುವಾದ ಸಾಮಾನ್ಯವಾಗಿ ಹೊಸಬರಿಗೆ ತಾನಾಗಿ ಸಿಗುವುದಿಲ್ಲ, ಮತ್ತೆ ಅನುವಾದ ಮಾಡಿಸಬೇಕಾಗುತ್ತದೆ. ಅದೂ ಅವರ ಲೆಕ್ಕಕ್ಕೆ ಬರುವ ವಿಷಯ.

ಇಲ್ಲಿ ಕೊಳ್ಳುವವರಿಗೆ

ಬೆಂಗಳೂರಾಗಲಿ ಮೈಸೂರಾಗಲಿ, ಅಂಗಡಿಯಲ್ಲಿ ಆರ್ಡರ್ ಕೊಡುವಾಗ ಹೆಸರಿಗಿಂತ ಐಎಸ್‌ಬಿಎನ್ ಮತ್ತು ವಿತರಕರನ್ನು ಹೇಳಿ. ವಿಜ್ ಆದರೆ ಸೈಮನ್ ಆ್ಯಂಡ್ ಶುಸ್ಟರ್. ಸೆವೆನ್ ಸೀಸ್, ಕೋಡಾನ್‌ಶಾ, ಸ್ಕ್ವೇರ್ ಎನಿಕ್ಸ್ ಆದರೆ ಪೆಂಗ್ವಿನ್ ರ‍್ಯಾಂಡಮ್ ಹೌಸ್. ಯೆನ್ ಪ್ರೆಸ್ ಆದರೆ ಹಶೆಟ್. ಮೂರಕ್ಕೂ ಭಾರತದಲ್ಲಿ ಶಾಖೆಗಳಿವೆ. ಹಾಗಂತ ಪ್ರತಿ ಪುಸ್ತಕವೂ ಬರುತ್ತದೆ ಎಂದಲ್ಲ: ಲೈಸೆನ್ಸ್ ಕೊಡುವುದೇ ಪ್ರದೇಶವಾರು, ಮತ್ತು ಮುದ್ರಣದ ಹಕ್ಕು ಬೇರೆ, ಡಿಜಿಟಲ್ ಹಕ್ಕು ಬೇರೆ. ಇ-ಬುಕ್ ಅಮೆರಿಕದ ಅಂಗಡಿಯಲ್ಲಿ ಕಂಡು ಇಲ್ಲಿನ ಖಾತೆಯಲ್ಲಿ ಕಾಣದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ವಿಜ್‌ನ ಶೋನೆನ್ ಜಂಪ್ ಆ್ಯಪ್, ಶುಯೆಯ್ಶಾದ ಮಾಂಗಾ ಪ್ಲಸ್ ಎರಡೂ ಭಾರತದಲ್ಲಿ ತೆರೆಯುತ್ತವೆ, ಆದರೆ ಅವುಗಳ ಒತ್ತು ಶೋನೆನ್ (ಹುಡುಗರಿಗಾಗಿ ಬರೆದ ಮಾಂಗಾ) ಮೇಲೆ. ಹಾಕುಸೆನ್‌ಶಾದ ಶೋಜೊ (ಹುಡುಗಿಯರಿಗಾಗಿ ಬರೆದ ಮಾಂಗಾ) ಹುಡುಕುವವರು ಅಲ್ಲಿ ಸಮಯ ಕಳೆಯಬೇಡಿ.

ಬಾಕಿ ಉಳಿದದ್ದು: ಕೋಡಾನ್‌ಶಾದ ಎಮಾ ತೋಯಾಮಾ ಅವರ "ವ್ಯಾಂಪೈರ್ ಡಾರ್ಮಿಟರಿ"ಯ ಮುದ್ರಣ ಮತ್ತು ಡಿಜಿಟಲ್ ಸಾಲುಗಳನ್ನು ಬೇರೆ ಮಾಡಬೇಕು. ಪೊಮ್ ಅವರ "ಸೆನ್ಪಾಯ್ ಈಸ್ ಆ್ಯನ್ ಒತೊಕೊನೊಕೊ" ಮೂಲದಲ್ಲಿ ಲೈನ್ ಮಾಂಗಾದ ಉದ್ದುದ್ದ ಸ್ಕ್ರಾಲ್ ರೂಪದ್ದು. ಪುಸ್ತಕಕ್ಕೆ ಚೌಕಟ್ಟುಗಳನ್ನು ಮತ್ತೆ ಜೋಡಿಸಿದ್ದರಿಂದ ಕಂತಿನ ಸಂಖ್ಯೆಗೂ ಸಂಪುಟಕ್ಕೂ ನೇರ ಹೊಂದಿಕೆಯಿಲ್ಲ. ಅದಕ್ಕೆ "ಕಂತು ಇಂದ–ವರೆಗೆ" ಎಂಬ ಇನ್ನೊಂದು ಕಾಲಂ ಮುಂದಿನ ಹಂತದಲ್ಲಿ ಬರುತ್ತದೆ. ಈ ಎರಡರ ಪರಿವಿಡಿ ಪುಟಗಳು ಕೈಯಲ್ಲಿರುವವರು ಅಧ್ಯಾಯ ಸಂಖ್ಯೆ ಮತ್ತು ಕೃತಿಸ್ವಾಮ್ಯ ಪುಟದಲ್ಲಿರುವ ಮುದ್ರಣದ ವರ್ಷವನ್ನು ಕಳಿಸಿದರೆ ಸಾಲು ತುಂಬುತ್ತದೆ.